ಕಾರು ತೊಳೆದಿತ್ತು, ಡ್ರೈವರ್ ಮಲಗಿರಲಿಲ್ಲ

ಕೇಳುಗರಿಗೆ ನಮಸ್ಕಾರ. ಮದುವೆ, ಗೃಹಪ್ರವೇಶ, ಮನೆದೇವರ ಪೂಜೆ, ವಯಸ್ಸಾದವರನ್ನು ಊರಿಗೆ ಬಿಟ್ಟು ಬರುವುದು. ವರ್ಷಕ್ಕೆ ಒಂದೆರಡು ಸಲವಾದರೂ ನಮ್ಮ ಮನೆಗಳಲ್ಲಿ "ಒಂದು ಗಾಡಿ ಹೇಳಿಬಿಡಿ" ಅನ್ನುವ ಮಾತು ಬರುತ್ತದೆ, ಅಲ್ವಾ? ಹಾಗೆ ಹೇಳುವ ಗಾಡಿಯ ಬಗ್ಗೆ, ಅದನ್ನು ಓಡಿಸುವವರ ಬಗ್ಗೆ ಇವತ್ತು ಮಾತಾಡುತ್ತೇನೆ.

ನಮ್ಮ ಮನೆಯಲ್ಲಿ ಗಾಡಿ ಹೇಳುವುದು ಅಮ್ಮನಿಗಾಗಿ. ಅಮ್ಮನಿಗೆ ಈಗ 78 ವರ್ಷ. ತವರು ಸಾಗರದ ಹತ್ತಿರ. ಬೆಂಗಳೂರಿನಿಂದ ತುಮಕೂರು, ತಿಪಟೂರು, ಅರಸೀಕೆರೆ, ಕಡೂರು, ಭದ್ರಾವತಿ, ಶಿವಮೊಗ್ಗ ದಾಟಿ ಹೋದರೆ ಹೆಚ್ಚುಕಡಿಮೆ 370 ಕಿಲೋಮೀಟರ್. ರೈಲಿದೆ, ಬಸ್ಸೂ ಇದೆ. ಆದರೆ ಅಮ್ಮನ ಮಂಡಿಗೆ ರೈಲಿನ ಮೆಟ್ಟಿಲು ಆಗುವುದಿಲ್ಲ. ಬಸ್ಸಿನಲ್ಲಿ ಬೇಕೆಂದ ಕಡೆ ಇಳಿಯುವ ಹಾಗಿಲ್ಲ. ವಯಸ್ಸಾದ ಹೆಂಗಸರು ಪ್ರಯಾಣದ ದಿನ ಬೆಳಿಗ್ಗೆಯಿಂದ ನೀರೇ ಕುಡಿಯದೆ ಇರುವುದನ್ನು ನೀವೂ ನೋಡಿರಬಹುದು. ಕಾರಾದರೆ ಆ ಹೆದರಿಕೆ ಇಲ್ಲ. "ಇಲ್ಲೊಂದು ಕಡೆ ನಿಲ್ಲಿಸಪ್ಪಾ" ಅಂದರೆ ಆಯಿತು. ನನಗೆ ಬಾಡಿಗೆ ಕಾರಿನ ದೊಡ್ಡ ಅನುಕೂಲ ಅದೇ. ವೇಗ ಅಲ್ಲ, ನಿಲ್ಲಿಸುವ ಸ್ವಾತಂತ್ರ್ಯ.

ಮೊದಲ ಸಲ ಹೊರಟಿದ್ದು ರಾತ್ರಿ 10 ಗಂಟೆಗೆ. ರಾತ್ರಿ ಟ್ರಾಫಿಕ್ ಇರಲ್ಲ, ಅಮ್ಮ ಮಲಗಿಕೊಂಡು ಹೋಗುತ್ತಾಳೆ, ಬೆಳಿಗ್ಗೆ ಕಾಫಿಗೆ ಮಾವನ ಮನೆ ಸೇರಬಹುದು ಅಂತ ನನ್ನ ಲೆಕ್ಕ. ಕಾರು ಹೇಳಿದ ಸಮಯಕ್ಕೆ ಬಂತು. ಆಗಷ್ಟೇ ತೊಳೆದು ತಂದಿದ್ದರು. ಬಾನೆಟ್ ಮೇಲೆ ಇನ್ನೂ ನೀರಿನ ಹನಿ ಇತ್ತು. ಡ್ಯಾಶ್‌ಬೋರ್ಡ್ ಮೇಲಿನ ಪುಟ್ಟ ಗಣಪನಿಗೆ ಒಂದು ಮೊಳ ಮಲ್ಲಿಗೆ. ಅಮ್ಮನಿಗೆ ಬಹಳ ಖುಷಿಯಾಯಿತು. "ಎಷ್ಟು ನೀಟಾಗಿ ಇಟ್ಟುಕೊಂಡಿದ್ದೀಯಪ್ಪಾ" ಅಂದಳು. ಹುಡುಗ ನಕ್ಕ. ಅವನ ಕಣ್ಣು ಕೆಂಪಗಿತ್ತು. ನಾನದನ್ನು ನೋಡಿದೆ, ಆದರೆ ಮನಸ್ಸಿಗೆ ತೆಗೆದುಕೊಳ್ಳಲಿಲ್ಲ.

ತಿಪಟೂರು ದಾಟಿದ ಮೇಲೆ ಎ.ಸಿ. ಓಡುತ್ತಿದ್ದರೂ ಅವನು ತನ್ನ ಕಡೆಯ ಗಾಜು ಇಳಿಸಿದ. ಸ್ವಲ್ಪ ಹೊತ್ತಿಗೆ ಕುತ್ತಿಗೆಯ ಹಿಂಭಾಗ ಉಜ್ಜಿಕೊಂಡ. "ಹಾಡು ಹಾಕ್ಲಾ ಮೇಡಂ?" ಅಂದ. ಅರಸೀಕೆರೆ ಕಳೆದು ಕಡೂರಿನ ಕಡೆ ಹೋಗುವಾಗ ಕಾರಿನ ಎಡಗಡೆ ಚಕ್ರ ರಸ್ತೆಯಂಚಿನ ಬಿಳಿ ಗೆರೆ ದಾಟಿ ಜಲ್ಲಿಗೆ ಇಳಿಯಿತು. ಜಲ್ಲಿ ಗಾಡಿಯ ತಳಕ್ಕೆ ಪಟಪಟ ಹೊಡೆದ ಸದ್ದು ಈಗಲೂ ನನ್ನ ಕಿವಿಯಲ್ಲಿದೆ. ಅವನು ಬೆಚ್ಚಿಬಿದ್ದು ಸ್ಟೀರಿಂಗ್ ಎಳೆದ. ಎದುರಿಗೆ ಲಾರಿ ಇರಲಿಲ್ಲ. ನಾವು ಉಳಿದದ್ದು ಅಷ್ಟಕ್ಕೇ.

ಒಂದು ಪೆಟ್ರೋಲ್ ಬಂಕಿನಲ್ಲಿ ನಿಲ್ಲಿಸಿದೆವು. ಅವನು ಬಾಟಲಿ ನೀರನ್ನು ಪೂರ್ತಿ ತಲೆಗೆ ಸುರಿದುಕೊಂಡ. ಕೇಳಿದ ಮೇಲೆ ವಿಷಯ ಗೊತ್ತಾಯಿತು. ಹಿಂದಿನ ರಾತ್ರಿ ತಿರುಪತಿಗೆ ಟ್ರಿಪ್ಪು. ಪಾರ್ಕಿಂಗಿನಲ್ಲಿ ಸೀಟು ಒರಗಿಸಿಕೊಂಡು ಎರಡು ಗಂಟೆ ಮಲಗಿದ್ದ. ಬೆಂಗಳೂರಿಗೆ ವಾಪಸ್ ಬಂದಿದ್ದು ಸಂಜೆ 7ಕ್ಕೆ. ಜನ ಇಳಿಸಿ, ಕಾರು ತೊಳೆಸಿ, ನಮ್ಮ ಮನೆಗೆ ಬಂದಿದ್ದ. "ಇಲ್ಲ ಅಂದ್ರೆ ಟ್ರಿಪ್ಪು ಬೇರೆಯವರಿಗೆ ಹೋಗುತ್ತೆ ಮೇಡಂ. ಬಾಟಾನೇ ನಮ್ಮ ಸಂಬಳ" ಅಂದ. ಬಾಟಾ ಅಂದರೆ ಡ್ರೈವರಿಗೆ ದಿನಕ್ಕಿಷ್ಟು ಅಂತ ಕೊಡುವ ಭತ್ಯೆ. ಕಾರು ತೊಳೆದಿತ್ತು, ಡ್ರೈವರ್ ಮಲಗಿರಲಿಲ್ಲ. ನಾನು ಕೇಳಿದ್ದೂ ಕಾರಿನ ಬಗ್ಗೆ ಮಾತ್ರ. ಎಷ್ಟು ಸೀಟು, ಎ.ಸಿ. ಇದೆಯಾ, ಕಿಲೋಮೀಟರಿಗೆ ಎಷ್ಟು. ಮನುಷ್ಯನ ಬಗ್ಗೆ ಒಂದು ಮಾತೂ ಕೇಳಿರಲಿಲ್ಲ.

ಆ ರಾತ್ರಿ ಅಲ್ಲೇ ಬಂಕಿನ ದೀಪದ ಕೆಳಗೆ ಎರಡೂವರೆ ಗಂಟೆ ನಿಂತೆವು. ಅಮ್ಮ ತನ್ನ ಶಾಲು ಕೊಟ್ಟಳು. ಅವನು ಮುಂದಿನ ಸೀಟು ಹಿಂದಕ್ಕೆ ಒರಗಿಸಿ, ಶಾಲನ್ನು ಮುಖದವರೆಗೂ ಎಳೆದುಕೊಂಡು ಮಲಗಿದ. ಒಂದೇ ನಿಮಿಷಕ್ಕೆ ಗೊರಕೆ ಶುರುವಾಯಿತು.

ಆಮೇಲೆ ಈ ಬಾಡಿಗೆಯ ಲೆಕ್ಕವನ್ನು ನಾನು ಸರಿಯಾಗಿ ಕೂತು ತಿಳಿದುಕೊಂಡೆ. ನಿಮಗೂ ಹೇಳಿಬಿಡುತ್ತೇನೆ. ಹೊರ ಊರಿನ ಟ್ರಿಪ್ಪಿಗೆ ಬಹಳಷ್ಟು ಟ್ರಾವೆಲ್ಸ್‌ನವರು ದಿನಕ್ಕೆ ಇಂತಿಷ್ಟು ಕಿಲೋಮೀಟರ್ ಮಿನಿಮಮ್ ಅಂತ ಇಟ್ಟಿರುತ್ತಾರೆ. ಅದಕ್ಕಿಂತ ಕಮ್ಮಿ ಓಡಿದರೂ ಅಷ್ಟಕ್ಕೆ ದುಡ್ಡು ಕೊಡಬೇಕು. ಸಾಮಾನ್ಯವಾಗಿ 250 ಅಥವಾ 300. ಲೆಕ್ಕಕ್ಕೆ 300 ಕಿಲೋಮೀಟರ್, ಕಿಲೋಮೀಟರಿಗೆ 14 ರೂಪಾಯಿ ಅಂತಿಟ್ಟುಕೊಳ್ಳಿ. ಸಾಗರಕ್ಕೆ ಹೋಗಿ ಬರಲು 740 ಕಿಲೋಮೀಟರ್. ಎರಡು ದಿನದಲ್ಲಿ ಮುಗಿಸಿದರೆ ಮಿನಿಮಮ್ 600, ಓಡಿದ್ದು 740, ಹಾಗಾಗಿ ಓಡಿದ್ದಕ್ಕೆ ಕೊಡಬೇಕು. 10,360 ರೂಪಾಯಿ. ನಡುವೆ ಒಂದು ದಿನ ಉಳಿದುಕೊಂಡಿರೋ, ಮೂರು ದಿನ ಆಯಿತು, ಮಿನಿಮಮ್ 900. ಆಗ 12,600. ಇದರ ಮೇಲೆ ದಿನಕ್ಕಿಷ್ಟು ಅಂತ ಡ್ರೈವರ್ ಬಾಟಾ, ಟೋಲು, ಪಾರ್ಕಿಂಗು. ಕಿಲೋಮೀಟರ್ ಲೆಕ್ಕ ನಿಮ್ಮ ಮನೆ ಬಾಗಿಲಿಂದ ಶುರುವೋ, ಅವರ ಶೆಡ್ಡಿನಿಂದ ಶುರುವೋ ಅನ್ನುವುದನ್ನೂ ಮೊದಲೇ ಕೇಳಿ. ಹತ್ತುವಾಗ ಮೀಟರಿನ ಫೋಟೋ ಒಂದು ತೆಗೆದಿಟ್ಟುಕೊಂಡರೆ ಕೊನೆಗೆ ಮನಸ್ತಾಪ ಇರುವುದಿಲ್ಲ.

ಇದರಲ್ಲಿ ನನಗೆ ಗೊತ್ತೇ ಇರದ ವಿಷಯ ಒಂದಿತ್ತು. ಬಹಳ ಕಡೆ ದಿನ ಅಂದರೆ 24 ಗಂಟೆ ಅಲ್ಲ, ತಾರೀಖು. ರಾತ್ರಿ 12ಕ್ಕೆ ದಿನ ಬದಲಾಗುತ್ತದೆ. ನಾವು ರಾತ್ರಿ 10ಕ್ಕೆ ಹೊರಟೆವಲ್ಲ, ಆ ಎರಡು ಗಂಟೆಯೇ ಒಂದು ದಿನ ಅಂತ ಬಿಲ್ಲಿಗೆ ಬಂತು. ಒಂದು ದಿನದ ಮಿನಿಮಮ್, ಒಂದು ದಿನದ ಬಾಟಾ. ಬೆಳಿಗ್ಗೆ 6ಕ್ಕೆ ಹೊರಟಿದ್ದರೆ ಆ ದುಡ್ಡೂ ಉಳಿಯುತ್ತಿತ್ತು, ಆ ಹುಡುಗನಿಗೆ ಒಂದು ರಾತ್ರಿಯ ನಿದ್ದೆಯೂ ಸಿಗುತ್ತಿತ್ತು. ರಾತ್ರಿ ಹೊರಟರೆ ಉಳಿತಾಯ ಅಂತ ನಾವು ಸುಮ್ನೆ ಅಂದುಕೊಂಡಿರುತ್ತೇವೆ. ಊಟಿಗೋ ವಯನಾಡಿಗೋ ಬಂಡೀಪುರದ ಮೇಲೆ ಹೋಗುವವರಿಗಂತೂ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಕಾಡಿನ ಗೇಟೇ ಮುಚ್ಚಿರುತ್ತದೆ. 2009ರಿಂದ ಈ ನಿಯಮ ಇದೆ. ಪ್ರಾಣಿಗಳಿಗಾಗಿ ಮಾಡಿದ್ದು. ಅದರಿಂದ ಎಷ್ಟೋ ಡ್ರೈವರ್‌ಗಳಿಗೂ ನಿದ್ದೆ ಸಿಕ್ಕಿರಬೇಕು ಅಂತ ನನಗನ್ನಿಸುತ್ತದೆ.

ಬೋರ್ಡಿನ ಬಣ್ಣದ ಬಗ್ಗೆ ಒಂದು ಮಾತು. ಎಲೆಕ್ಟ್ರಿಕ್ ಗಾಡಿ ಬಿಟ್ಟರೆ, ಡ್ರೈವರ್ ಸಮೇತ ಬರುವ ಬಾಡಿಗೆ ಕಾರಿಗೆ ಹಳದಿ ಬೋರ್ಡ್, ಕಪ್ಪು ಅಕ್ಷರ ಇರಬೇಕು. ಪರಿಚಯದವರು ಅಂತ, ಒಂದೆರಡು ಸಾವಿರ ಕಮ್ಮಿ ಅಂತ ಬಿಳಿ ಬೋರ್ಡಿನ ಸ್ವಂತ ಕಾರನ್ನು ಬಾಡಿಗೆಗೆ ಕರೆಯುವವರು ಇದ್ದಾರೆ. ದಯವಿಟ್ಟು ಬೇಡ. ಅದಕ್ಕೆ ಬಾಡಿಗೆ ಓಡಿಸುವ ಪರ್ಮಿಟ್ ಇರುವುದಿಲ್ಲ. ಏನಾದರೂ ಆದರೆ ವಿಮೆಯವರು ತಕರಾರು ತೆಗೆಯಲು ಅದೇ ದಾರಿ. ಪಕ್ಕದ ರಾಜ್ಯಕ್ಕೆ ಹೋಗುವುದಾದರೆ ಪರ್ಮಿಟ್, ಟ್ಯಾಕ್ಸ್ ಬಾಡಿಗೆಯಲ್ಲಿ ಸೇರಿದೆಯೋ ಬೇರೆಯೋ ಕೇಳಿಕೊಳ್ಳಿ.

ಮತ್ತೆ ಡ್ರೈವರ್ ವಿಷಯಕ್ಕೇ ಬರುತ್ತೇನೆ. 1961ರಲ್ಲೇ ಮೋಟಾರು ಸಾರಿಗೆ ಕಾರ್ಮಿಕರಿಗೆ ಅಂತ ಕಾಯ್ದೆ ಬಂತು. ದಿನಕ್ಕೆ ಎಂಟು ಗಂಟೆ ಕೆಲಸ, ಐದು ಗಂಟೆ ದುಡಿಯುವುದರೊಳಗೆ ಅರ್ಧ ಗಂಟೆಯಾದರೂ ವಿರಾಮ ಅಂತ ಅದರಲ್ಲಿ ಬರೆದಿದ್ದರು. ನಮ್ಮ ಸಾಗರದ ದಾರಿಯನ್ನೇ ನೋಡಿ. ತಿಂಡಿ, ಊಟ ಸೇರಿ ಒಂದು ಕಡೆಗೇ ಏಳೆಂಟು ಗಂಟೆ. ಇಳಿದ ತಕ್ಷಣ "ಹಾಗೇ ಜೋಗಕ್ಕೆ ಹೋಗಿ ಬಂದುಬಿಡೋಣ, ಹತ್ತಿರ ತಾನೇ" ಅನ್ನುತ್ತೇವೆ. ನಾವು ಹಿಂದಿನ ಸೀಟಿನಲ್ಲಿ ನಿದ್ದೆ ಮಾಡಿ ಎದ್ದಿರುತ್ತೇವೆ. ಅವರು ರಸ್ತೆ ನೋಡಿಕೊಂಡೇ ಬಂದಿರುತ್ತಾರೆ. ಬಾಟಾ ಕೊಡುತ್ತೇವಲ್ಲ ಅಂತ ಅಂದುಕೊಳ್ಳುತ್ತೇವೆ. ಬಾಟಾ ಊಟಕ್ಕೆ, ಕೈಖರ್ಚಿಗೆ. ಆ ದುಡ್ಡಿನಲ್ಲಿ ರೂಮು ಹಿಡಿದರೆ ಮನೆಗೆ ಏನು ಕಳಿಸಬೇಕು? ಅದಕ್ಕೇ ಅವರು ಕಾರಿನಲ್ಲೇ ಮಲಗುತ್ತಾರೆ. ಸೊಳ್ಳೆಗೆ ಗಾಜು ಏರಿಸಬೇಕು, ಸೆಕೆಗೆ ಗಾಜು ಇಳಿಸಬೇಕು. ಕಾಲು ಚಾಚಲು ಜಾಗ ಇಲ್ಲ. ಹಾಗೆ ಮಲಗಿ ಎದ್ದವರ ಕೈಗೆ ಬೆಳಿಗ್ಗೆ ನಾವು ಮನೆಮಂದಿಯನ್ನೆಲ್ಲ ಒಪ್ಪಿಸುತ್ತೇವೆ.

ಹಾಗಾಗಿ ಈಗ ನಾನು ಫೋನಿನಲ್ಲಿ ರೇಟಿಗಿಂತ ಮೊದಲು ಕೇಳುವುದು ಒಂದೇ. "ಬರುವ ಡ್ರೈವರ್ ಹಿಂದಿನ ರಾತ್ರಿ ಮನೆಯಲ್ಲಿ ಇರ್ತಾರಾ?" ಕೆಲವರಿಗೆ ಈ ಪ್ರಶ್ನೆ ವಿಚಿತ್ರ ಅನಿಸುತ್ತದೆ. ಕೆಲವರು ಅರ್ಥ ಮಾಡಿಕೊಳ್ಳುತ್ತಾರೆ. ಲಾಡ್ಜ್ ಹಿಡಿಯುವಾಗ ಡ್ರೈವರ್‌ಗಳಿಗೆ ಮಲಗಲು ಜಾಗ, ಸ್ನಾನಕ್ಕೆ ನೀರು ಇದೆಯಾ ಅಂತಲೂ ಕೇಳುತ್ತೇನೆ. ಕೆಲವು ಕಡೆ ಇರುತ್ತದೆ, ಕೇಳಿದರೆ ಮಾತ್ರ ತೋರಿಸುತ್ತಾರೆ. ಊಟಕ್ಕೆ ನಿಂತಾಗ ನಮ್ಮ ಜೊತೆಗೇ ಕೂರಿ ಅನ್ನುತ್ತೇವೆ. ಸಂಕೋಚ ಇದ್ದರೆ ಬಲವಂತ ಮಾಡುವುದಿಲ್ಲ, ಬೇರೆ ಟೇಬಲ್‌ನಲ್ಲಿ ಕೂತು ಬೇಕಾದ್ದು ತಿನ್ನಲಿ. ಊಟವಾದ ಮೇಲೆ 20 ನಿಮಿಷ ಯಾರೂ ಅವಸರ ಮಾಡಬಾರದು ಅನ್ನುವುದು ನಮ್ಮ ಮನೆಯವರಿಗೆಲ್ಲ ಗೊತ್ತು.

ಆ ಮೊದಲ ಪ್ರಯಾಣದ ದಿನ ಮಾವನ ಮನೆ ಸೇರಿದಾಗ ಬಿಸಿಲೇರಿತ್ತು. ಅಮ್ಮ ಕಾಲು ತೊಳೆಯುವ ಮೊದಲೇ ಅತ್ತೆಗೆ ಹೇಳಿದ್ದು, "ಈ ಹುಡುಗನಿಗೆ ಜಗಲಿಯಲ್ಲಿ ಚಾಪೆ ಹಾಸಿ, ಆಮೇಲೆ ಕಾಫಿ." ದೋಸೆ ತಿಂದು ಮಲಗಿದವನು ಎದ್ದಿದ್ದು ಮಧ್ಯಾಹ್ನ 3ಕ್ಕೆ. ಮಕ್ಕಳಿಗೆ ಆ ಕಡೆ ಗಲಾಟೆ ಮಾಡಬೇಡಿ ಅಂತ ಮಾವ ಎರಡು ಸಲ ಗದರಿದ್ದರು.

ಅವನ ನಂಬರ್ ನನ್ನ ಹತ್ತಿರ ಇದೆ. ಈಗ ಅವನದೇ ಸ್ವಂತ ಗಾಡಿ. ಹೋದ ತಿಂಗಳು ಅಮ್ಮನನ್ನು ಕರೆದುಕೊಂಡು ಹೋಗಬೇಕಿತ್ತು, ಫೋನ್ ಮಾಡಿದೆ. "ನಾಳೆ ಬೇಡ ಮೇಡಂ. ಇವತ್ತು ಮಂಗಳೂರಿಂದ ಬರೋದು ರಾತ್ರಿ ಒಂದಾಗುತ್ತೆ. ನಾಡಿದ್ದು ಹೊರಡೋಣ್ವಾ?" ಅಂದ. ಅಮ್ಮ ಆಗಲೇ ಬ್ಯಾಗು ತುಂಬಿಸಿಟ್ಟಿದ್ದಳು. ವಿಷಯ ಹೇಳಿದೆ. "ನಾಡಿದ್ದೇ ಹೋಗೋಣ ಬಿಡು" ಅಂದವಳು, ಮಾವನಿಗೆ ಫೋನ್ ಹಚ್ಚಿಕೊಡು ಅಂತ ಕೈಚಾಚಿದಳು.