ಮನಿಗೆ ಎಣ್ಣಿ ಹೊಡಸೂ ಮುಂಚೆ ಹೆಸರು ಕೇಳ್ರಿ: ನಾಯಿ, ಬೆಕ್ಕು, ಮೀನು ಸಾಕಿದವ್ರಿಗೆ

[ದೃಶ್ಯ: ಮನೆಯ ಬಾಗಿಲು. ಬೆನ್ನಿಗೆ ಪಂಪ್ ಹಾಕಿಕೊಂಡವನು ಒಳಗೆ ಬರುತ್ತಿದ್ದಾನೆ. ಕಟ್ಟೆಯ ಮೇಲೆ ಬೆಕ್ಕು.]

ನಮಸ್ಕಾರ್ರಿ. ಜಿರಳಿ ಹೆಚ್ಚಾಗ್ಯಾವ, ಬಾಗಲಕ್ಕ ಗೆದ್ದಲ ಹತ್ತೇತಿ ಅಂತ ಪೆಸ್ಟ್ ಕಂಟ್ರೋಲ್‌ನವ್ರಿಗೆ ಫೋನ್ ಮಾಡ್ತೀವಿ. ಕೇಳೂದು ಎರಡ ಮಾತು: ರೊಕ್ಕ ಎಷ್ಟು, ಗ್ಯಾರಂಟಿ ಎಷ್ಟ ದಿನ. ಮನ್ಯಾಗ ಸಾಕಿದ ಪ್ರಾಣಿ ಇದ್ರ ಇನ್ನೊಂದು ಕೇಳ್ಬೇಕ್ರಿ. ಯಾವ ಎಣ್ಣಿ ಹೊಡಿತೀರಿ, ಅದರ ಹೆಸರೇನು?

"ವಾಸನಿ ಬರೂದಿಲ್ರಿ, ಏನೂ ಆಗೂದಿಲ್ರಿ" ಅಂದ್ರ ಅದು ಉತ್ತರ ಅಲ್ಲ. ಗೆದ್ದಲಕ್ಕ ಬಳಸೂ ಇಮಿಡಾಕ್ಲೋಪ್ರಿಡ್‌ಗೆ ವಾಸನಿ ಇಲ್ಲ ಅಂದ್ರೂ ನಡಿತೈತಿ, ಆದ್ರ ಅದು ಎಣ್ಣೀನ. ಡಬ್ಬಿ ತೋರಸ್ರಿ ಅನ್ರಿ. ಕೀಟನಾಶಕದ ಡಬ್ಬಿ ಮ್ಯಾಲ ಮೂಲಿ ಮ್ಯಾಲ ನಿಲ್ಲಿಸಿದಂಥ ಒಂದು ಚೌಕ ಇರ್ತೈತಿ. ಅದರ ಕೆಳಗಿನ ಅರ್ಧದ ಬಣ್ಣ ನೋಡ್ರಿ. ಕೆಂಪಿದ್ರ ಭಾಳ ವಿಷ, ಆಮ್ಯಾಲ ಹಳದಿ, ನೀಲಿ, ಎಲ್ಲಕ್ಕಿಂತ ಕಡಿಮಿ ಅಂದ್ರ ಹಸರು. ಲೇಬಲ್ಲಿನ ಫೋಟೋ ತಕ್ಕೊಂಡು ಮೊಬೈಲ್‌ನಾಗ ಇಟ್ಕೋರಿ. ನಾಳೆ ಏನರ ಆದ್ರ ಡಾಕ್ಟ್ರು ಕೇಳೂ ಮೊದಲನೇ ಮಾತು ಅದ. ಒಂದೊಂದು ವಿಷಕ್ಕ ಒಂದೊಂದು ಚಿಕಿತ್ಸೆ.

[ದೃಶ್ಯ: ಒದ್ದೆ ನೆಲದ ಮೇಲೆ ನಡೆದು ಬಂದ ಬೆಕ್ಕು ಪಾದ ನೆಕ್ಕುತ್ತಿದೆ]

ಬೆಕ್ಕಿನ ಮನಿಯವ್ರು ಸ್ವಲ್ಪ ಹೆಚ್ಚ ಕಿವಿ ಕೊಡ್ರಿ. ಜಿರಳಿ, ಸೊಳ್ಳಿ, ಇರುವಿಗೆ ಹೊಡಿಯೂದ್ರಾಗ ಭಾಳಷ್ಟು ಪೈರಿಥ್ರಾಯ್ಡ್ ಗುಂಪಿನವು. ಸೈಪರ್‌ಮೆಥ್ರಿನ್, ಡೆಲ್ಟಾಮೆಥ್ರಿನ್, ಪರ್ಮೆಥ್ರಿನ್, ಹಿಂಗ ಹೆಸರಿರ್ತಾವ. ಪರ್ಮೆಥ್ರಿನ್ನಂಥದ್ದನ್ನ ನಾಯಿಯ ಲಿವರ್ ಮುರದು ಹೊರಗ ಹಾಕತೈತಿ, ಬೆಕ್ಕಿನ ಲಿವರ್‌ಗೆ ಆ ಶಕ್ತಿ ಭಾಳ ಕಡಿಮಿ. ಅದರ ಮ್ಯಾಲ ಬೆಕ್ಕಿಗೆ ಇಡೀ ದಿನ ಮೈ ನೆಕ್ಕೂದ ಕೆಲಸ. ಹಸಿ ನೆಲದ ಮ್ಯಾಲ ಅಡ್ಯಾಡಿ ಪಾದ ನೆಕ್ಕಿತು ಅಂದ್ರ ಎಣ್ಣಿ ಸೀದಾ ಹೊಟ್ಟಿಗೆ ಹೋತು. ಜೊಲ್ಲು ಸುರಿತೈತಿ, ಮೈ ನಡಗತೈತಿ, ಫಿಟ್ಸ್ ಬರ್ತಾವ. ಎಮ್ಮಿ ಉಣ್ಣಿಗೆ ತಂದದ್ದು ಒಂದೀಟು ಉಳದೈತಿ ಅಂತ ಬೆಕ್ಕಿಗೆ ಹಚ್ಚವ್ರೂ ಅದಾರ. ದಯವಿಟ್ಟು ಬ್ಯಾಡ್ರಿ.

ಮೀನಿಗಂತೂ ಇದ ಗುಂಪು ಯಮ. ಅಕ್ವೇರಿಯಂದಾಗ ಗಾಳಿ ಬಿಡೂ ಪಂಪ್ ಇರ್ತೈತಲ್ರಿ, ಅದು ಖೋಲಿಯೊಳಗಿನ ಗಾಳೀನ ಎಳದು ನೀರಾಗ ಬಿಡತೈತಿ, ಗಾಳಿ ಜೋಡಿ ಎಣ್ಣೀನೂ. ತೊಟ್ಟಿ ಸಣ್ಣದಿದ್ರ ಬಾಜು ಮನಿಗೆ ಎತ್ತಿ ಇಡ್ರಿ. ದೊಡ್ಡದಿದ್ರ ಆ ಖೋಲಿಗೆ ಹೊಡಸಬ್ಯಾಡ್ರಿ, ಜೆಲ್ ಹಾಕಸ್ರಿ. ಕಪಾಟಿನ ಸಂದ್ಯಾಗ, ಸಿಂಕಿನ ಕೆಳಗ ಚುಕ್ಕಿ ಚುಕ್ಕಿ ಇಡತಾರ, ಗಾಳ್ಯಾಗ ಏನೂ ಹಾರೂದಿಲ್ಲ. ನನ್ನ ಕೇಳಿದ್ರ ಪ್ರಾಣಿ ಇರೂ ಮನ್ಯಾಗ ಜಿರಳಿಗೆ ಸ್ಪ್ರೇ ಹೊಡಸೂ ಪ್ರಸಂಗಾನ ಬರಬಾರದು. ಲವ್ ಬರ್ಡ್ಸ್ ಪಂಜರ ಇದ್ರೂ ಇದ ಮಾತು.

ಸ್ಪ್ರೇ ಬೇಕ ಆದ್ರ ಪ್ರಾಣೀನ ಎಲ್ಲಿ ಇಡೂದು? ವಿಜಯಪುರದಾಗ ನಾ ಹೆಚ್ಚ ನೋಡಿದ್ದು, ನಾಯೀನ ಒಯ್ದು ಮಾಳಗಿ ಮ್ಯಾಲ ಕಟ್ಟೂದು. ಏಪ್ರಿಲ್, ಮೇದಾಗ 40 ಡಿಗ್ರಿ ದಾಟೂ ಊರ್ರಿ ಇದು. ಎಣ್ಣಿಗಿಂತ ಮೊದಲ ಬಿಸಲ ಕೊಲ್ಲತೈತಿ. ಹೊಲದ ಮನಿಗೆ ಬಿಡೂದು ಚಲೋ, ಆದ್ರ ತಿಕೋಟಾ ಕಡೆ ದ್ರಾಕ್ಷಿ ತ್ವಾಟ ಇದ್ರ ಅಲ್ಲಿ ಎಣ್ಣಿ ಯಾವಾಗ ಹೊಡದಾರ ಅಂತ ಮೊದಲ ಕೇಳ್ರಿ. ಬೆಳಗಾವಿಯವ್ರ ಸಮಸ್ಯೆ ಉಲ್ಟಾ. ಜುಲೈ ಮಳ್ಯಾಗ ಕಿಡಕಿ ತೆಗಿಯಾಕ ಆಗೂದಿಲ್ಲ, ನೆಲ ಲಗೂನ ಆರೂದಿಲ್ಲ. ನಾಲ್ಕ ತಾಸು ಸಾಕು ಅಂತ ಹೇಳಿ ಹೋಗಿರ್ತಾರ, ಗಡಿಯಾರ ನೋಡಬ್ಯಾಡ್ರಿ, ನೆಲ ನೋಡ್ರಿ. ಪೂರ್ತಿ ಆರಿ, ಗಾಳಿ ಆಡಿದ ಮ್ಯಾಲ ಒಳಗ ಬಿಡ್ರಿ. ಬಾಗಲಕೋಟಿ ಕಡೆ ಮುಧೋಳ ನಾಯಿ ಸಾಕಿದವ್ರು ಅದನ್ನ ಸಣ್ಣ ಖೋಲ್ಯಾಗ ಕೂಡಿ ಹಾಕಿ ಎಣ್ಣಿ ಹೊಡಸಬ್ಯಾಡ್ರಿ. ಓಡೂ ಜಾತಿ ಅದು, ಬಾಗಲಾ ಕೆರದು ಹೊರಗ ಬರ್ತೈತಿ. ನೀರಿನ ಬಟ್ಟಲ, ಕೂಳಿನ ತಾಟು, ಹಾಸಗಿ ಮೊದಲ ಹೊರಗ ಒಯ್ರಿ. ಪಂಪ್ ತೊಳದ ನೀರು ಗಟಾರಕ್ಕ ಚೆಲ್ಲಾಕ ಬಿಡಬ್ಯಾಡ್ರಿ, ಓಣ್ಯಾಗಿನ ನಾಯಿ ಕುಡಿತಾವ.

ಗೆದ್ದಲಕ್ಕ ಗ್ವಾಡಿ ಬುಡದಾಗ ತೂತು ಕೊರದು ಎಣ್ಣಿ ಬಿಟ್ರ, ಸಿಮೆಂಟ್ ಮೆತ್ತಿ ಮುಚ್ಚೂ ತನಕ ನಾಯಿ ಆ ಕಡೆ ಹೋಗಬಾರದು. ಅಷ್ಟ.

[ದೃಶ್ಯ: ಅಂಗಡಿಯ ಇಲಿ ಕೇಕ್, ಹತ್ತಿರದಿಂದ]

ಈಗ ಇಲಿಗೆ ಬರೋಣು. ಸ್ಪ್ರೇಕ್ಕಿಂತ ನನಗ ಹೆಚ್ಚ ಅಂಜಿಕಿ ಇದರದ್ದ. ಸ್ಪ್ರೇ ಆರಿ ಹೋಗತೈತಿ, ಇಲಿ ಪಾಷಾಣ ಮೂಲ್ಯಾಗ ಕುಂತ ಇರ್ತೈತಿ, ಅದೂ ತಿನ್ನೂ ರುಚಿ ಹಚ್ಕೊಂಡು.

ಅಂಗಡ್ಯಾಗ ಸಿಗೂ ಕೇಕ್‌ನಾಗ ಹೆಚ್ಚಾಗಿ ಬ್ರೊಮಾಡಿಯೊಲೋನ್ ಇರ್ತೈತಿ. ಅದು ರಕ್ತ ಹೆಪ್ಪುಗಟ್ಟೂದನ್ನ ತಡಿತೈತಿ. ತಿಂದ ದಿನ ನಾಯಿ ಬಾಲಾ ಅಳ್ಳಾಡಿಸ್ಕೊಂತ ಅಡ್ಯಾಡತೈತಿ, ನಾವು "ಏನೂ ಆಗ್ಲಿಲ್ಲ ಬಿಡು" ಅಂತೀವಿ. ಮೂರರಿಂದ ಐದ ದಿನಕ್ಕ ವಸಡಿನಾಗ ರಕ್ತ, ಉಚ್ಚ್ಯಾಗ ರಕ್ತ, ಉಸರಾಡಾಕ ತ್ರಾಸು. ಒಳ್ಳೇ ಸುದ್ದಿ ಅಂದ್ರ ಇದಕ್ಕ ಮದ್ದು ಐತಿ, ವಿಟಮಿನ್ ಕೆ1. ವಾರಗಟ್ಟಲೆ ಕೊಡಬೇಕಾಕ್ಕೈತಿ, ನಾಯಿ ಚೇತರಿಸ್ಕೊಂತು ಅಂತ ನಡುವ ಬಿಡಬಾರದು. ಇಲಿ ಸತ್ತದ್ದು ಕಂಡ್ರ ಹೂಳ್ರಿ, ಅದನ್ನ ತಿಂದ ಬೆಕ್ಕಿಗೂ ವಿಷ ಏರತೈತಿ.

ಕರಿ ಬೂದಿಯಂಥ ಪುಡಿ ಇದ್ರ ಅದು ಜಿಂಕ್ ಫಾಸ್ಫೈಡ್. ಇದರ ಕಥಿನ ಬ್ಯಾರೆ. ಹೊಟ್ಟ್ಯಾಗಿನ ಆಮ್ಲ ತಾಗಿದ ಕೂಡ್ಲೆ ಫಾಸ್ಫೀನ್ ಅನ್ನೂ ಗ್ಯಾಸ್ ಏಳತೈತಿ, ಅದಕ್ಕ ಪ್ರತಿಮದ್ದು ಇಲ್ಲ. ಪಾಪ ಹಸದೈತಿ ಅಂತ ಹಾಲು ರೊಟ್ಟಿ ಹಾಕಿದ್ರ ಆಮ್ಲ ಹೆಚ್ಚಾಗಿ ಗ್ಯಾಸೂ ಹೆಚ್ಚಾಕ್ಕೈತಿ.

ಇದ ಗ್ಯಾಸು ಜ್ವಾಳದ ಗುಳಿಗ್ಯಾಗೂ ಐತ್ರಿ. ಬಿಳಿಜ್ವಾಳದ ಚೀಲಕ್ಕ ಹುಳ ಬೀಳಬಾರದು ಅಂತ ಇಡತೀವಲ್ಲ, ಅದು ಅಲ್ಯೂಮಿನಿಯಂ ಫಾಸ್ಫೈಡ್. ಗಾಳ್ಯಾಗಿನ ತೇವ ಹತ್ತಿದ್ರ ಸಾಕು, ಗ್ಯಾಸ್ ಬಿಡತೈತಿ. ಚೀಲದ ಮ್ಯಾಲ ಬೆಕ್ಕು ಮಲಗಿರ್ತೈತಿ, ಬಾಜು ಖೋಲ್ಯಾಗ ನಾವು. ಮಂದಿ ವಾಸ ಮಾಡೂ ಮನ್ಯಾಗ ಇದನ್ನ ಇಡೂ ಹಂಗ ಇಲ್ಲ, ಕಂಡಕಂಡವ್ರಿಗೆ ಮಾರೂ ಹಂಗೂ ಇಲ್ಲ ಅಂತ ನಿಯಮ ಐತಿ, ಆದ್ರೂ ಸಂತ್ಯಾಗ ಸಿಗತೈತಿ. ಜ್ವಾಳ ಚಲೋ ಬಿಸಲಿಗೆ ಒಣಗಿಸಿ, ಬೇವಿನ ತಪ್ಪಲಾ ಹಾಕಿ ಇಡೂದನ್ನ ನಮ್ಮ ಆಯಿಗೋಳು ಮಾಡ್ತಿದ್ರು. ಬಿಸಲಿಗೇನು ಬರಗಾಲ ನಮ್ಮಲ್ಲಿ?

[ದೃಶ್ಯ: ಟವೆಲ್‌ನಲ್ಲಿ ಸುತ್ತಿದ ನಾಯಿಮರಿ, ಕೈಯಲ್ಲಿ ಔಷಧದ ಡಬ್ಬಿ]

ಏನರ ತಿಂದೈತಿ, ನೆಕ್ಕೇತಿ ಅನಿಸಿದ್ರ ಉಪ್ಪನೀರು ಕುಡಿಸಿ ವಾಂತಿ ಮಾಡಸಾಕ ಹೋಗಬ್ಯಾಡ್ರಿ. ಉಪ್ಪ ವಿಷ ಆಕ್ಕೈತಿ, ನಡಗೂ ಪ್ರಾಣಿಗೆ ನೀರು ಹಾಕಿದ್ರ ಶ್ವಾಸಕೋಶಕ್ಕ ಇಳಿತೈತಿ. ಮೈಗೆ ಎಣ್ಣಿ ಹತ್ತಿದ್ರ ಭಾಂಡಿ ತೊಳಿಯೂ ಸೋಪು ಹಾಕಿ ಉಗುರು ಬೆಚ್ಚನ ನೀರಾಗ ತೊಳದು, ಟವೆಲ್ ಸುತ್ತಿ ಹೊರಡ್ರಿ. ಸರ್ಕಾರದ ಸಂಚಾರಿ ಪಶು ಚಿಕಿತ್ಸೆ ಗಾಡಿಗೆ 1962 ಹಚ್ಚಬಹುದು, ಆದ್ರ ವಿಷದ ಕೇಸಿನ್ಯಾಗ ಗಾಡಿ ದಾರಿ ಕಾಯಬ್ಯಾಡ್ರಿ, ನೀವ ಪಶು ಆಸ್ಪತ್ರಿಗೆ ಒಯ್ರಿ. ಡಬ್ಬಿನೋ ಪಾಕೀಟೋ ಜೋಡಿ ಇರ್ಲಿ. ಇಲಿ ಪುಡಿ ತಿಂದ ನಾಯಿ ಇದ್ರ ಕಾರಿನ ಕಿಡಕಿ ಎಲ್ಲಾ ಇಳಿಸಿ ಹೋಗ್ರಿ. ವಾಂತಿ ಬೆಳ್ಳೊಳ್ಳಿ ವಾಸನಿ ಹೊಡದ್ರ ಅದು ಆ ಗ್ಯಾಸ, ನಿಮ್ಮ ಮೂಗಿಗೂ ಬರ್ತೈತಿ.