ತಿಮಿಂಗಿಲಗಳ ಕೊಲ್ಲಿ: ದಡದಲ್ಲಿ ನೆಲವೇ ಇಲ್ಲ

ಎಲ್ಲರಿಗೂ ನಮಸ್ಕಾರ.

ಸಮುದ್ರ ನೆಲದೊಳಕ್ಕೆ ಚಾಚಿಕೊಂಡರೆ ಅದು ಕೊಲ್ಲಿ ಅಂತ ಶಾಲೆಯಲ್ಲಿ ಓದಿದ್ದೇವೆ, ಅಲ್ವಾ? ಇವತ್ತು ನಾನು ಹೇಳುವ ಕೊಲ್ಲಿಯ ದಡದಲ್ಲಿ ನೆಲವೇ ಇಲ್ಲ, ಬರೀ ಮಂಜುಗಡ್ಡೆ. ಅಂಟಾರ್ಕ್ಟಿಕಾದ ರಾಸ್ ಹಿಮಹಾಸು ನೂರಾರು ಮೀಟರ್ ದಪ್ಪವಿದ್ದರೂ ಸಮುದ್ರದ ಮೇಲೆ ತೇಲುತ್ತದೆ. ಅದರ ಅಂಚಿನಲ್ಲಿರುವ ಒಂದು ಕಚ್ಚೇ ಈ ಬೇ ಆಫ್ ವೇಲ್ಸ್.

1902ರ ಫೆಬ್ರವರಿಯಲ್ಲಿ ಬ್ರಿಟನ್ನಿನ ಅನ್ವೇಷಕ ಸ್ಕಾಟ್ ಅವರ ತಂಡ ಇಲ್ಲೊಂದು ಸಣ್ಣ ಕಚ್ಚಿನಲ್ಲಿ ಹಡಗು ನಿಲ್ಲಿಸಿ ಬಲೂನು ಹಾರಿಸಿತ್ತು. ಮೊದಲು ಸ್ಕಾಟ್ ಮೇಲೇರಿದರು, ಆಮೇಲೆ ಅದೇ ತಂಡದ ಶ್ಯಾಕಲ್ಟನ್. ಆರು ವರ್ಷದ ನಂತರ, 1908ರ ಜನವರಿ 24ರಂದು, ಶ್ಯಾಕಲ್ಟನ್ ತಮ್ಮದೇ ತಂಡ ಕಟ್ಟಿಕೊಂಡು ಬಂದು ನೋಡಿದರೆ ಆ ಕಚ್ಚು ಮಾಯ! ಅಂಚು ಮುರಿದುಹೋಗಿ ದೊಡ್ಡ ಕೊಲ್ಲಿಯೇ ಆಗಿತ್ತು. ನೀರಿನ ತುಂಬ ತಿಮಿಂಗಿಲಗಳು. ಅದನ್ನೇ ಹೆಸರಾಗಿ ಇಟ್ಟರು. ಇಟ್ಟವರು ಮಾತ್ರ ಅಲ್ಲಿ ನಿಲ್ಲಲಿಲ್ಲ. ಇವತ್ತು ಮುರಿದದ್ದು ನಾಳೆ ನಮ್ಮ ಕಾಲಡಿಯೇ ಮುರಿದರೆ? ಸ್ಕಾಟ್ ಮೊದಲು ನೆಲೆಸಿದ್ದ ಮೆಕ್‌ಮರ್ಡೊ ಕಡೆ ಬರುವುದಿಲ್ಲ ಅಂತ ಸ್ಕಾಟ್‌ಗೆ ಮಾತು ಕೊಟ್ಟಿದ್ದರು; ಅದನ್ನೂ ಮುರಿದು ಅಲ್ಲಿಗೇ ಹೋದರು. ನನ್ನ ಪ್ರಕಾರ ಹೆದರಿದ್ದು ತಪ್ಪಲ್ಲ.

ದಕ್ಷಿಣ ಧ್ರುವಕ್ಕೆ ಹೊರಟಿದ್ದ ನಾರ್ವೆಯ ಅಮುಂಡ್ಸನ್ ಲೆಕ್ಕಾಚಾರವೇ ಬೇರೆ. ಅವರಿಗಿಂತ ಸುಮಾರು 70 ವರ್ಷ ಹಿಂದೆ ಬ್ರಿಟನ್ನಿನ ನಾವಿಕ ಜೇಮ್ಸ್ ರಾಸ್ ಬಂದಾಗಲೂ ಇಲ್ಲಿ ಅಂಚು ತಗ್ಗಾಗಿಯೇ ಇತ್ತು. ಮತ್ತೆ ಮತ್ತೆ ಇಲ್ಲೇ ಕಚ್ಚು ಬೀಳುತ್ತದೆ ಅಂದರೆ ಮಂಜು ನೆಲದ ಮೇಲೆ ಕೂತಿರಬೇಕು, ಹಾಗಾಗಿ ಜಾಗ ಗಟ್ಟಿ ಅಂದುಕೊಂಡರು. 1911ರಲ್ಲಿ ಫ್ರಾಮ್‌ಹೈಮ್ ಎಂಬ ಮರದ ಮನೆ ಕಟ್ಟಿ ಒಂಬತ್ತು ಜನ ಚಳಿಗಾಲ ಕಳೆದರು. ಮನೆಯ ಸುತ್ತ ಹಿಮ ಕೊರೆದು ಬಡಗಿ ಕೋಣೆ, ಉಗ್ರಾಣ, ಕೊನೆಗೆ ಹಬೆಸ್ನಾನಕ್ಕೂ ಜಾಗ ಮಾಡಿಕೊಂಡಿದ್ದರು. ಅಮುಂಡ್ಸನ್ ಸೇರಿ ಅವರಲ್ಲಿ ಐವರು ಡಿಸೆಂಬರ್ 14ಕ್ಕೆ ದಕ್ಷಿಣ ಧ್ರುವ ಮುಟ್ಟಿದರು.

ತಮಾಷೆ ಅಂದರೆ, ಅವರ ಮನೆಯ ಕೆಳಗೆ ನೆಲ ಇರಲಿಲ್ಲ, ಸಮುದ್ರವೇ ಇತ್ತು! ನೆಲ ಇದ್ದದ್ದು ಇನ್ನೂ ದಕ್ಷಿಣಕ್ಕೆ, ಮಂಜಿನಡಿ ಪೂರ್ತಿ ಹೂತುಹೋದ ಒಂದು ದ್ವೀಪ. 1934ರಲ್ಲಿ ಅಮೆರಿಕದ ಅನ್ವೇಷಕ ಬರ್ಡ್ ಅದಕ್ಕೆ ತಮ್ಮ ಅಧ್ಯಕ್ಷ ರೂಸ್‌ವೆಲ್ಟ್ ಹೆಸರಿಟ್ಟರು. ಉತ್ತರಕ್ಕೆ ಸರಿಯುವ ಮಂಜು, ಹೊಳೆ ಬಂಡೆಯನ್ನು ಬಳಸಿ ಹೋದ ಹಾಗೆ, ಈ ದ್ವೀಪದ ಎರಡೂ ಪಕ್ಕ ಸೀಳಿ ಹೋಗುತ್ತದೆ. ಮುಂದೆ ಬಿಡುವು ಉಳಿಯುತ್ತದೆ. ಅದೇ ಕೊಲ್ಲಿ.

ಎರಡು ಪಕ್ಕದ ಮಂಜೂ ಮುಂದಕ್ಕೆ ಬರುತ್ತಲೇ ಇರುವುದರಿಂದ ಬಾಯಿ ನಿಧಾನಕ್ಕೆ ಮುಚ್ಚಿಕೊಳ್ಳುತ್ತದೆ. ಬರ್ಡ್ ಇಲ್ಲೇ ಲಿಟ್ಲ್ ಅಮೆರಿಕ ಅಂತ ಒಂದಾದ ಮೇಲೊಂದು ಶಿಬಿರ ಹಾಕಿದರು. ಆದರೆ 1956ರಲ್ಲಿ ಐದನೆಯದನ್ನು ಪಕ್ಕದ ಕೈನಾನ್ ಕೊಲ್ಲಿಯಲ್ಲಿ ಕಟ್ಟಬೇಕಾಯಿತು. 1912ರಲ್ಲಿ ಬಂದ ಜಪಾನಿನ ಶಿರಾಸೆ ಅವರ ಹಡಗಿನ ಹೆಸರು ಅದು.

1987ರಲ್ಲಿ ಬಿ-9 ಎಂಬ ಹಿಮಬಂಡೆ, ಸುಮಾರು 150 ಕಿ.ಮೀ. ಉದ್ದದ್ದು, ಇಲ್ಲಿಂದ ಕಳಚಿಕೊಂಡಿತು. ಹಳೆಯ ಕೊಲ್ಲಿ ಅದರ ಜೊತೆಗೇ ಹೋಯಿತು. ದ್ವೀಪ ಮಾತ್ರ ಅಲ್ಲೇ ಇದೆ, ಹೆಸರೂ ನಕ್ಷೆಯಲ್ಲಿದೆ. 2023ರ ಜನವರಿಯಲ್ಲಿ ಇಟಲಿಯ ಲಾರಾ ಬಾಸ್ಸಿ ಹಡಗು ಅದೇ ಹೆಸರಿನ ಕೊಲ್ಲಿಯಲ್ಲಿ 78 ಡಿಗ್ರಿ 44 ಮಿನಿಟ್ ದಕ್ಷಿಣದವರೆಗೂ ಹೋಯಿತು. ಅಂದರೆ ಫ್ರಾಮ್‌ಹೈಮ್ ಇದ್ದ ಜಾಗಕ್ಕಿಂತಲೂ ದಕ್ಷಿಣಕ್ಕೆ, ನೀರಿನಲ್ಲೇ.