ಕಸ ಬೇರೆ ಮಾಡೋದನ್ನ ನಮಗೆ ಕಲಿಸಿದ್ದು ಯಾರು?

ನಮಸ್ಕಾರ. ಇವತ್ತು ಕಸದ ವಿಚಾರ. ಮೂಗು ಮುರಿಬೇಡಿ, ಸ್ವಲ್ಪ ಹೊತ್ತು ಕೇಳಿ.

ಬೆಂಗಳೂರಲ್ಲಿ ಹಸಿ ಕಸ ಬೇರೆ, ಒಣ ಕಸ ಬೇರೆ ಇಡೋ ಪದ್ಧತಿ ಹೇಗೆ ಬಂತು ಅಂತ ಯಾರನ್ನಾದ್ರೂ ಕೇಳಿ ನೋಡಿ. ಜಾಗೃತಿ ಅಭಿಯಾನದಿಂದ ಅಂತಾರೆ. ಶಾಲೆ ಮಕ್ಕಳ ಜಾಥಾ ಅಂತಾರೆ. ನಮ್ಮ ಅಪಾರ್ಟ್‌ಮೆಂಟ್ ಸಂಘದವರು ಭಾರಿ ಚುರುಕು ಅಂತಾರೆ. ಅವರ ಶ್ರಮ ಸುಳ್ಳಲ್ಲ, ಸರಿ. ಆದ್ರೆ ನನ್ನ ಕೇಳಿದ್ರೆ, ಈ ಊರಿಗೆ ಆ ಪಾಠ ಕಲಿಸಿದ್ದು ಮಾವಳ್ಳಿಪುರದ ಜನ. ಕಸದ ಲಾರಿ ಮುಂದೆ ನಿಂತು ಕಲಿಸಿದ್ರು.

ಮಾವಳ್ಳಿಪುರ ಇರೋದು ಯಲಹಂಕ ದಾಟಿ, ಹೆಸರಘಟ್ಟದ ಕಡೆ. ಸಣ್ಣ ಹಿಡುವಳಿಯ ರೈತರು, ದಲಿತ ಕುಟುಂಬಗಳು, ದನ ಸಾಕಿಕೊಂಡು ಹಾಲು ಹಾಕೋರು ಇರೋ ಊರು. ಅಲ್ಲಿಗೆ ವರ್ಷಗಟ್ಟಲೆ ಹೋಗಿದ್ದು ನಮ್ಮ ಅಡುಗೆಮನೆಯ ಕಸ, ಪ್ಲಾಸ್ಟಿಕ್ಕು, ಒಡೆದ ಟ್ಯೂಬ್‌ಲೈಟು, ಮಕ್ಕಳ ಡೈಪರ್ರು, ಎಲ್ಲ ಒಟ್ಟಿಗೇ. ಹಸಿ ಕಸ ಹೀಗೆ ಮಿಕ್ಕಿದ್ದರ ಜೊತೆ ಸೇರಿ ಗುಡ್ಡೆ ಬಿದ್ರೆ ಏನಾಗುತ್ತೆ ಅಂತ ಒಂದು ಮಾತು ಹೇಳಿಬಿಡ್ತೀನಿ. ಗಾಳಿ ಆಡದ ಜಾಗದಲ್ಲಿ ಅನ್ನ, ತರಕಾರಿ ಸಿಪ್ಪೆ ಕೊಳೆತು ಮೀಥೇನ್ ಹುಟ್ಟುತ್ತೆ, ಹಾಗಾಗಿ ಗುಡ್ಡೆ ಒಳಗಿಂದಲೇ ಬೆಂಕಿ ಹತ್ಕೊಳ್ಳುತ್ತೆ. ಕೆಳಗಿಂದ ಕಪ್ಪನೆ ನೀರು ಜಿನುಗುತ್ತೆ. ಅಧಿಕಾರಿಗಳು ಅದಕ್ಕೆ ಲೀಚೇಟ್ ಅಂತಾರೆ. ಬ್ಯಾಟರಿ, ಬಣ್ಣ, ಔಷಧದ ವಿಷವನ್ನೆಲ್ಲ ಅದು ಹೀರ್ಕೊಂಡು ಕೆರೆಗೆ ಇಳಿಯುತ್ತೆ, ಕೊಳವೆಬಾವಿಗೂ ಇಳಿಯುತ್ತೆ. ಮಾವಳ್ಳಿಪುರದ ನೀರು ಹರಿಯೋದು ಅರ್ಕಾವತಿ ಕಡೆಗೆ. ಅಂದ್ರೆ ಕೆಟ್ಟಿದ್ದು ಒಂದು ಊರಿನ ಬಾವಿ ಮಾತ್ರ ಅಲ್ಲ.

ಊರಿನವರು ಅರ್ಜಿ ಕೊಟ್ರು, ಧರಣಿ ಕೂತ್ರು, ಕೋರ್ಟಿಗೆ ಹೋದ್ರು. ಕಡೆಗೆ ದಾರಿಗೆ ಅಡ್ಡ ನಿಂತ್ರು. 2012ರ ಜುಲೈನಲ್ಲಿ ಮಾಲಿನ್ಯ ನಿಯಂತ್ರಣ ಮಂಡಳಿ ಅಲ್ಲಿ ಕಸ ಸುರಿಯೋದನ್ನ ನಿಲ್ಲಿಸಿ ಅಂತು. ಆ ವರ್ಷ ಆಗಸ್ಟ್, ಸೆಪ್ಟೆಂಬರ್ ನೆನಪಿದೆಯಾ? ಬೀದಿ ಬೀದಿಯಲ್ಲಿ ಕಸದ ರಾಶಿ. ಗಾರ್ಡನ್ ಸಿಟಿ ಹೋಗಿ ಗಾರ್ಬೇಜ್ ಸಿಟಿ ಆಯ್ತು ಅಂತ ವಿದೇಶದ ಪತ್ರಿಕೆಗಳೂ ಬರೆದ್ವು. ಆಗಲೇ ನೋಡಿ, ಅಕ್ಟೋಬರ್ 1ರಿಂದ ಮನೆಯಲ್ಲೇ ಕಸ ವಿಂಗಡಿಸೋದು ಕಡ್ಡಾಯ ಅಂತ ಪಾಲಿಕೆ ಹೇಳಿದ್ದು. ವಿಂಗಡಣೆ ಆಗಲೇಬೇಕು, ವಾರ್ಡಿಗೊಂದು ಒಣಕಸ ಕೇಂದ್ರ ಬೇಕು ಅಂತ ಹೈಕೋರ್ಟ್ ಹೇಳಿದ್ದೂ ಅದೇ ವರ್ಷ. ಹಸಿ ಕಸಕ್ಕೆ ಹಸಿರು ಡಬ್ಬ, ಡೈಪರ್ ಥರದ್ದಕ್ಕೆ ಕೆಂಪು ಡಬ್ಬ, ಒಣ ಕಸಕ್ಕೆ ಒಂದು ಚೀಲ ಅನ್ನೋ ಲೆಕ್ಕಕ್ಕೆ 2015ರ ಡಿಸೆಂಬರ್‌ನಲ್ಲಿ ಕೋರ್ಟಿನ ಮುದ್ರೆ ಬಿತ್ತು.

ಅಲ್ಲಿಯವರೆಗೆ ಯಾಕೆ ಯಾರಿಗೂ ತೋಚಿರಲಿಲ್ಲ? 2000ನೇ ಇಸವಿಯ ಘನತ್ಯಾಜ್ಯ ನಿಯಮಗಳಲ್ಲೇ ವಿಂಗಡಣೆಯ ಮಾತಿತ್ತು. ಹನ್ನೆರಡು ವರ್ಷ ಅದು ಕಾಗದದಲ್ಲೇ ಮಲಗಿತ್ತು. ವಾಸನೆ ನಮ್ಮ ಬಾಗಿಲಿಗೆ ಬಂದಾಗ ಎದ್ದು ಕೂತಿತು.

ಆಮೇಲಿನ ಕಥೆ ಅಷ್ಟು ಚೆನ್ನಾಗಿಲ್ಲ. ಮಾವಳ್ಳಿಪುರ ಮುಚ್ಚಿತು, ಲಾರಿಗಳು ಮಂಡೂರಿಗೆ ತಿರುಗಿದ್ವು. ಮಂಡೂರಿನವರೂ ಬೀದಿಗಿಳಿದ್ರು. 2014ರ ಜೂನ್‌ನಲ್ಲಿ ಅಲ್ಲಿ ಲಾರಿ ತಡೆದಾಗ ಪೊಲೀಸರು ಬಂದ್ರು, ನಿಷೇಧಾಜ್ಞೆ ಬಂತು, ಮಂತ್ರಿಗಳೂ ಬಂದ್ರು. ಡಿಸೆಂಬರ್ ತನಕ ಟೈಮ್ ಕೊಡಿ ಅಂತ ಸರ್ಕಾರ ಕೇಳಬೇಕಾಯ್ತು. ಮಂಡೂರೂ ನಿಂತಿತು. ಆಮೇಲೆ? ಬೆಳ್ಳಹಳ್ಳಿ ಕ್ವಾರಿ, ಮಿಟ್ಟಗಾನಹಳ್ಳಿ ಕ್ವಾರಿ, ದೊಡ್ಡಬಳ್ಳಾಪುರದ ಕಡೆ ಇನ್ನೊಂದು. ಒಂದೂರಿನವರು ಗೆದ್ದ ದಿನವೇ ಪಕ್ಕದೂರಿನವರ ತಲೆ ಮೇಲೆ ಕಸ.

ಇದನ್ನ ಇಟ್ಕೊಂಡು ಕೆಲವರು, ಹಳ್ಳಿಯವರದು ಸ್ವಾರ್ಥ, ನಮ್ಮೂರಲ್ಲಿ ಬೇಡ ಅನ್ನೋದಷ್ಟೇ ಅವರ ಹೋರಾಟ ಅಂತಾರೆ. ಈ ಮಾತು ಕೇಳಿದ್ರೆ ನನಗೆ ಮೈ ಉರಿಯುತ್ತೆ. ನಮ್ಮ ಮನೆ ಮುಂದೆ ಎರಡು ದಿನ ಕಸ ಎತ್ತದಿದ್ರೆ ನಾವು ಫೋಟೊ ತೆಗೆದು ಟ್ವಿಟ್ಟರಿಗೆ ಹಾಕ್ತೀವಿ, ಅದು ನಾಗರಿಕ ಪ್ರಜ್ಞೆ. ಅವರು ತಮ್ಮ ಬಾವಿಗೋಸ್ಕರ ಲಾರಿ ನಿಲ್ಲಿಸಿದ್ರೆ ಸ್ವಾರ್ಥ! ಆದ್ರೂ ಒಂದು ಪ್ರಶ್ನೆ ಉಳಿಯುತ್ತೆ. ತಡೆಯೋದರಿಂದ ಸಿಗೋದು ಅರ್ಧ ಗೆಲುವು. ಮಿಕ್ಕ ಅರ್ಧ ಎಲ್ಲಿದೆ?

ಅದು ಬೆಂಗಳೂರೊಳಗೇ ಇದೆ. ಚಿಂದಿ ಆಯೋರ ಕೈಲಿ.

ಒಣಕಸ ಕೇಂದ್ರ ಒಂದಕ್ಕೆ ಹೋಗಿ ಅರ್ಧ ಗಂಟೆ ನಿಂತು ನೋಡಿ. ತಗಡಿನ ಶೆಡ್ಡು, ನಡುವೆ ಗುಡ್ಡೆ, ಸುತ್ತ ಹೆಂಗಸರು. ಹಾಲಿನ ಕವರ್ ಒಂದು ಚೀಲಕ್ಕೆ, ನೀರಿನ ಬಾಟಲಿ ಇನ್ನೊಂದಕ್ಕೆ, ಅದರ ಮುಚ್ಚಳ ಮತ್ತೊಂದಕ್ಕೆ, ರಟ್ಟು ಒಂದು ಕಡೆ ಪೇರಿಸಿ. ಕೈಗೆ ಸಿಕ್ಕಿದ ಪ್ಲಾಸ್ಟಿಕ್ಕನ್ನ ಒಂದ್ಸಲ ಹಿಸುಕಿದ್ರೆ ಸಾಕು, ಗುಜರಿಯಲ್ಲಿ ಅದಕ್ಕೆ ಯಾವ ರೇಟು ಅಂತ ಅವರಿಗೆ ಗೊತ್ತಾಗಿಬಿಡುತ್ತೆ. ಚಿಪ್ಸ್ ಪ್ಯಾಕೆಟ್ಟಿಗೆ ಮಾತ್ರ ಗಿರಾಕಿ ಇಲ್ಲ. ಒಳಗೆ ಪದರ ಪದರ ಬೇರೆ ಬೇರೆ ವಸ್ತು ಅಂಟಿಸಿರೋದ್ರಿಂದ ಅದನ್ನ ಯಾರೂ ಕೊಳ್ಳಲ್ಲ, ಸುಡೋಕೆ ಸಿಮೆಂಟ್ ಕಾರ್ಖಾನೆಗೆ ಹೋಗುತ್ತೆ. ಇಷ್ಟೆಲ್ಲ ತಿಳಿದ ಈ ಜನರನ್ನ ಒಂದು ಕಾಲದಲ್ಲಿ, ಬೆಳಗಿನ ಜಾವ ಚೀಲ ಹೊತ್ಕೊಂಡು ಹೊರಟ್ರೆ, ಎಲ್ಲಿ ಕದ್ದಿದ್ದು ಅಂತ ಪೊಲೀಸರು ತಡೀತಿದ್ರು.

ಅದು ಬದಲಾಗೋಕೆ ಶುರುವಾಗಿದ್ದು ಒಂದು ಕಾರ್ಡಿನಿಂದ. ಪುಣೆಯಲ್ಲಿ 1993ರಲ್ಲೇ ಕಸ ಆಯೋರ ಸಂಘ ಕಟ್ಟಿದ್ರು, ಕಾಗದ್ ಕಾಚ್ ಪತ್ರ ಕಷ್ಟಕರಿ ಪಂಚಾಯತ್ ಅಂತ. ಅದನ್ನ ಕಟ್ಟಿದವರಲ್ಲಿ ಒಬ್ಬರಾದ ನಳಿನಿ ಶೇಖರ್ ಆಮೇಲೆ ಬೆಂಗಳೂರಲ್ಲಿ ಕಸ ಆಯೋರ ಸಂಘಟನೆ ಹಸಿರು ದಳ ಕಟ್ಟೋದರಲ್ಲೂ ಮುಂದಿದ್ರು. 2011ರಿಂದ ಇಲ್ಲಿ ಪಾಲಿಕೆಯ ಗುರುತಿನ ಚೀಟಿ ಸಿಗೋಕೆ ಶುರುವಾಯ್ತು. ಕಮಿಷನರ್ ಸಹಿ, ಫೋಟೊ, ಹೆಸರು. ಕೇಳೋಕೆ ಸಣ್ಣ ವಿಷಯ. ಆದ್ರೆ ಆ ಚೀಟಿ ಹಿಂದೆ ಇರೋದು ಗುಡಿಸಲು ಗುಡಿಸಲಿಗೆ ಹೋಗಿ ಹೆಸರು ಬರ್ಕೊಳ್ಳೋದು, ಊರ ವಿಳಾಸ ಇಲ್ಲದವರಿಗೆ ದಾಖಲೆ ಹುಡುಕೋದು, ಬರ್ತೀನಿ ಅಂದವರು ಬರದಿದ್ರೆ ಮತ್ತೆ ಹೋಗೋದು. ಸಂಘಟನೆ ಅಂದ್ರೆ ನಮ್ಮ ಕಣ್ಣಿಗೆ ಮೈಕು, ಘೋಷಣೆ. ಅದರ ಬಹುಪಾಲು ಈ ಬೇಸರದ ಕೆಲಸವೇ. ಅದಕ್ಕೆ ಟಿವಿ ಕ್ಯಾಮೆರಾ ಬರಲ್ಲ. 2016ರ ಘನತ್ಯಾಜ್ಯ ನಿಯಮಗಳಲ್ಲಿ ಕಸ ಆಯೋರನ್ನ ನಗರಾಡಳಿತ ಗುರುತಿಸಿ ವ್ಯವಸ್ಥೆಯೊಳಗೆ ಸೇರಿಸ್ಕೋಬೇಕು ಅಂತ ಬಂತಲ್ಲ, ಅದು ದೇಶದ ಉದ್ದಗಲ ನಡೆದ ಇಂಥ ಕೆಲಸದ ಫಲ.

ಇನ್ನು ಪೌರಕಾರ್ಮಿಕರು. ಹೆಚ್ಚಿನವರು ಹೆಣ್ಣುಮಕ್ಕಳು, ಹೆಚ್ಚಿನವರು ದಲಿತರು. ವರ್ಷಾನುಗಟ್ಟಲೆ ಗುತ್ತಿಗೆ, ಸಂಬಳ ಯಾವಾಗ ಬರುತ್ತೋ ಗೊತ್ತಿಲ್ಲ, ಕುಡಿಯೋಕೆ ನೀರು, ಶೌಚಾಲಯ ಸಿಗೋದೂ ಪುಣ್ಯ. 2022ರ ಜುಲೈ 1ರಿಂದ ನಾಲ್ಕು ದಿನ ಫ್ರೀಡಂ ಪಾರ್ಕಲ್ಲಿ ಕೂತ್ರು. ಖಾಯಂ ಮಾಡ್ತೀವಿ ಅಂತ ಸರ್ಕಾರ ಲಿಖಿತವಾಗಿ ಕೊಟ್ಟ ಮೇಲೇ ಎದ್ರು. ಕೊಟ್ಟ ಮಾತು ನಡೆಯೋಕೆ ಸುಮಾರು ಮೂರು ವರ್ಷ ಹಿಡೀತು. 2025ರ ಮೇ ದಿನದಂದು 12,692 ಜನರಿಗೆ ನೇಮಕಾತಿ ಪತ್ರ ಸಿಕ್ತು. ಮನೆ ಬಾಗಿಲಿಂದ ಕಸ ಎತ್ತೋ ಆಟೊ ಟಿಪ್ಪರ್ ಚಾಲಕರು, ಲೋಡರುಗಳು ಮಾತ್ರ ಅದರಿಂದ ಹೊರಗೇ ಉಳಿದ್ರು.

ಈಗ ನನ್ನ ತಕರಾರು. ಮಿಟ್ಟಗಾನಹಳ್ಳಿಯವರ ಬೇಡಿಕೆ ಒಂದು ಕಡೆ, ಒಣಕಸ ಕೇಂದ್ರದವರದು ಇನ್ನೊಂದು ಕಡೆ, ಪೌರಕಾರ್ಮಿಕರದು ಮತ್ತೊಂದು ಕಡೆ. ಸರ್ಕಾರಕ್ಕೆ ಇದು ಬಲು ಅನುಕೂಲ. ಒಬ್ಬರನ್ನ ಪೊಲೀಸ್ ಕೈಲಿ, ಇನ್ನೊಬ್ಬರನ್ನ ಟೆಂಡರಲ್ಲಿ, ಮತ್ತೊಬ್ಬರನ್ನ ಭರವಸೆಯಲ್ಲಿ ನೋಡ್ಕೊಳ್ಳುತ್ತೆ. ಆದ್ರೆ ಮೂವರ ಬೇಡಿಕೆಯನ್ನೂ ಪಕ್ಕಪಕ್ಕ ಇಟ್ಟು ಓದಿ. ಮೂರರ ಸಾರವೂ ಒಂದೇ, ಕಲಸಿದ ಕಸದ ಲಾರಿ ವಾರ್ಡು ಬಿಟ್ಟು ಹೊರಗೆ ಹೋಗಬಾರದು. ಹಾಗಾದ್ರೆ ಕ್ವಾರಿಗೆ ಬೀಳೋದು ತೀರಾ ಕಮ್ಮಿ, ಒಣಕಸ ಕೇಂದ್ರಕ್ಕೆ ಚೊಕ್ಕ ಮಾಲು, ಡೈಪರ್, ಗಾಜಿನ ಚೂರಿಗೆ ಕೈ ಹಾಕೋ ಹಣೆಬರಹ ಪೌರಕಾರ್ಮಿಕರಿಗೆ ಇರಲ್ಲ. ಮೂವರೂ ಒಂದೇ ಟೇಬಲ್ಲಿಗೆ ಬರೋದು ಇನ್ನೂ ಅಪರೂಪ.

ಬರೋದಾದ್ರೂ ಎಲ್ಲಿಗೆ? 2020ರ ಸೆಪ್ಟೆಂಬರ್‌ನಲ್ಲಿ ಪಾಲಿಕೆ ಸದಸ್ಯರ ಅವಧಿ ಮುಗೀತು, ಆಮೇಲೆ ವರ್ಷಗಟ್ಟಲೆ ಚುನಾವಣೆಯೇ ನಡೀಲಿಲ್ಲ. ದುಡ್ಡಿರೋರಿಗೆ ಎಂಎಲ್‌ಎ ಫೋನ್ ನಂಬರ್ ಇರುತ್ತೆ. ಕೊಳೆಗೇರಿಯವರಿಗೆ ತಟ್ಟೋಕೆ ಇದ್ದಿದ್ದು ಕಾರ್ಪೊರೇಟರ್ ಬಾಗಿಲು ಒಂದೇ. ಅದೂ ಹೋಯ್ತು. ಕಸದ ಶುಲ್ಕ ಮಾತ್ರ 2025ರಿಂದ ಆಸ್ತಿ ತೆರಿಗೆ ಜೊತೆ ತಪ್ಪದೆ ಬರ್ತಿದೆ. ಆ ದುಡ್ಡು ನಮ್ಮ ವಾರ್ಡಿನ ಒಣಕಸ ಕೇಂದ್ರಕ್ಕೆ ಎಷ್ಟು ಬಂತು ಅಂತ ಕೇಳೋ ಹಕ್ಕು ಶುಲ್ಕ ಕಟ್ಟೋ ನಿಮಗಿದೆ.

ಕೇಳೋಕೆ ವಾರ್ಡ್ ಸಭೆ ಕರೆಸಿ. ಆದ್ರೆ ದಯವಿಟ್ಟು ಶನಿವಾರ ಬೆಳಗ್ಗೆ ಹತ್ತಕ್ಕೆ ಇಡಬೇಡಿ. ಆ ಹೊತ್ತಲ್ಲಿ ಪೊರಕೆ ಹಿಡಿದೋರು ಬೀದಿಯಲ್ಲಿರ್ತಾರೆ, ಚೀಲ ಹೊತ್ತೋರು ಇನ್ನೂ ಮಾಲು ವಿಂಗಡಿಸ್ತಿರ್ತಾರೆ. ಮಧ್ಯಾಹ್ನ ಮೂರೂವರೆಗೆ ಇಡಿ. ಅಪಾರ್ಟ್‌ಮೆಂಟಿನ ಕ್ಲಬ್‌ಹೌಸಲ್ಲಿ ಬೇಡ. ಅಲ್ಲಿ ಗೇಟಲ್ಲೇ ಸೆಕ್ಯುರಿಟಿ ಅವರನ್ನ ನಿಲ್ಲಿಸ್ತಾನೆ. ಒಣಕಸ ಕೇಂದ್ರದ ಶೆಡ್ಡಲ್ಲೇ ಇಡಿ, ನಾಲ್ಕು ಕುರ್ಚಿ ನೀವೇ ತಗೊಂಡು ಹೋಗಿ.